ಚಾರ್ಟ್ ಇಲ್ಲದ ಕಾಲದ ಹಿಟ್

ಹಾಡು ಬಿಟ್ಟ ಸಂಜೆಗೇ ‘ಟ್ರೆಂಡಿಂಗ್‌ನಲ್ಲಿ ಎಷ್ಟನೇದು?’ ಅಂತ ಕೇಳ್ತೀವಲ್ಲ, ಮಂಡ್ಯದ ಈ ಹಿಟ್‌ಗೆ ದೆಹಲಿ ತಲುಪೋಕೆ ಹತ್ತಿರ ಹತ್ತಿರ ಐವತ್ತು ವರ್ಷ ಹಿಡೀತು!

ಕೆ.ಆರ್. ಪೇಟೆ ತಾಲ್ಲೂಕು ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಸರ್ಕಾರಿ ಗುಮಾಸ್ತರು. 1942ರಲ್ಲಿ ಅವರ ಕವನ ಸಂಕಲನ ‘ಮೈಸೂರ ಮಲ್ಲಿಗೆ’ ಬಂತು. ಹೆಸರು ಮೈಸೂರಿಂದು, ಕವಿ ಮಾತ್ರ ನಮ್ಮೋರೇ! ಪುಟದ ತುಂಬ ಬಳೆಗಾರ, ತವರು, ಮಾವನ ಮನೆ, ಗಂಡ ಹೆಂಡಿರ ಸಲ್ಲಾಪ. ಮದುವೆ ಮನೆಗೆ ಉಡುಗೊರೆಯಾಗಿ ಇದೇ ಪುಸ್ತಕ ಹೋಗ್ತಿತ್ತು. ಅದಕ್ಕಿಂತ ದೊಡ್ಡ ಚಾರ್ಟ್ ಬೇಕಾ?

ಆಮೇಲೆ ಸಿ. ಅಶ್ವಥ್ ರಾಗ ಹಾಕಿದ್ರು, ಓದದೇ ಇದ್ದೋರ ಬಾಯಲ್ಲೂ ಹಾಡು ಕೂತ್ಕೊಳ್ತು. ನಾಗಾಭರಣ ಅದೇ ಹೆಸರಲ್ಲಿ ಸಿನಿಮಾ ಮಾಡಿದ್ರು. 39ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಶ್ರೇಷ್ಠ ಗೀತರಚನೆ ಯಾರಿಗೆ ಗೊತ್ತಾ? ಎಪ್ಪತ್ತೈದು ದಾಟಿದ್ದ ಕಿಕ್ಕೇರಿ ಕವಿಗೆ!