ತುಂಬೆಯ ಕೆಳಗಿನ ಹೊಳೆ

ಮಂಗಳೂರಿನ ಹತ್ತಿರದ ಅಡ್ಯಾರಿನಲ್ಲಿ ಹೆದ್ದಾರಿ ಬಿಟ್ಟು ಹೊಳೆಯ ಕಡೆ ಇಳಿದರೆ ಹರೇಕಳಕ್ಕೆ ದಾಟುವ ಹೊಸ ಸೇತುವೆ ಸಿಗುತ್ತದೆ. ಬರೀ ಸೇತುವೆಯಲ್ಲ, ಅದರಡಿ ಗೇಟುಗಳ ಸಾಲಿದೆ. ಉಬ್ಬರದೊಂದಿಗೆ ನೇತ್ರಾವತಿಯನ್ನು ಏರಿ ಬರುವ ಉಪ್ಪುನೀರನ್ನು ಇಲ್ಲೇ ತಡೆದು, ಮೇಲುಗಡೆ ಸಿಹಿನೀರು ನಿಲ್ಲಿಸಲೆಂದು ಸರ್ಕಾರ ಕೋಟಿಗಟ್ಟಲೆ ಸುರಿದು ಕಟ್ಟಿಸಿದ ಅಣೆಕಟ್ಟು ಇದು. ಇದೇ ಕೆಲಸವನ್ನು ಹೊಳೆಯ ತಳದ ಮರಳು ಕಾಸಿಲ್ಲದೆ ಮಾಡಿಕೊಂಡು ಬಂದಿತ್ತು.

ಉಪ್ಪುನೀರು ಸಿಹಿನೀರಿಗಿಂತ ತೂಕ. ಅದು ಮೇಲ್ಮೈಯಲ್ಲಿ ಕಾಣಿಸಿಕೊಳ್ಳುವ ಮೊದಲೇ ಚಾಪೆ ಹಾಸಿದಂತೆ ತಳದುದ್ದಕ್ಕೂ ಒಳಗೆ ಸರಿಯುತ್ತದೆ. ತಳ ಎತ್ತರವಿದ್ದಲ್ಲಿ ತಡೆದು ನಿಲ್ಲುತ್ತದೆ, ಆಳವಾದಷ್ಟೂ ಮುಂದೆ ಹೋಗುತ್ತದೆ. ಮರಳು ತೆಗೆದಷ್ಟೂ ತಳ ಆಳವಾಗುತ್ತದೆ. ದೋಣಿಗಳು ದಕ್ಕೆಗೆ ತಂದು ಸುರಿಯುವ ಒಂದೊಂದು ಲೋಡು ಮರಳಿನ ಲೆಕ್ಕವನ್ನು ಈ ಕಣ್ಣಿನಿಂದಲೂ ನೋಡಬೇಕು. ಹತ್ತಿರದ ಪಾವೂರು ಉಳಿಯ ಎಂಬ ಕುದುರಿನ (ನಡುಗಡ್ಡೆಯ) ಜನರಿಗೆ ತಳ ತೋಡಿದರೆ ಏನಾಗುತ್ತದೆಂದು ಯಾರೂ ವಿವರಿಸಬೇಕಿಲ್ಲ. ಸುತ್ತ ಮರಳು ತೆಗೆದಂತೆಲ್ಲ ತಮ್ಮ ನೆಲವೇ ಕುಸಿದು ಹೊಳೆ ಸೇರುತ್ತಿದೆ ಎಂದು ಅವರು ವರ್ಷಗಳಿಂದ ಕೂಗಿ ಹೇಳುತ್ತಿದ್ದಾರೆ.

ದಡ ಹಿಡಿದು ಫರಂಗಿಪೇಟೆಯ ಕಡೆಗೆ ನಡೆದರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ತೋಟ, ತೋಟದ ನಡುವೆ ಬಾವಿ. ಹೊಳೆಬದಿಯ ಬಾವಿ ಹೊಳೆಯದ್ದೇ ಇನ್ನೊಂದು ರೂಪ. ಮರಳಿನ ಪದರದಲ್ಲಿ ಸೋಸಿಕೊಂಡು ನೀರು ಒಳಗೆ ಬರುತ್ತದೆ. ಹೊಳೆಯ ಮಟ್ಟ ಇಳಿದರೆ ಬಾವಿಯದೂ ಇಳಿಯುತ್ತದೆ, ಹೊಳೆ ಉಪ್ಪಾದರೆ ಬಾವಿಯೂ ಉಪ್ಪು. ಹಾಗಿರುವಾಗ ಮರಳು ತೆಗೆಯುವ ಅನುಮತಿಯ ನಕ್ಷೆಯಲ್ಲಿ ಈ ಬಾವಿಗಳಿಗೆ ಒಂದು ಚುಕ್ಕೆಯಷ್ಟಾದರೂ ಜಾಗ ಇರಬೇಡವೇ?

ನನಗೆ ಅತಿ ದೊಡ್ಡ ತೊಡಕಾಗಿ ಕಾಣುವುದು ಗಡಿ ಗುರುತಿಸುವ ಬಗೆ. ನದಿಯೊಳಗೆ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ಎಲ್ಲಿಯವರೆಗೆ ಎಂಬುದನ್ನು ಉಪ್ಪೇ ನಿರ್ಧರಿಸುತ್ತದೆ. ಕಡು ಬೇಸಿಗೆಯಲ್ಲಿ ಸಾವಿರಕ್ಕೆ 5 ಭಾಗ, ಅಂದರೆ ಲೀಟರಿಗೆ ಸುಮಾರು 5 ಗ್ರಾಂ ಉಪ್ಪು ಸಿಗುವ ಜಾಗದವರೆಗೆ ಅದು ಸಿಆರ್‌ಝಡ್. ಅದರಾಚೆ ನಿಯಮ ಬೇರೆ, ಅನುಮತಿಯ ದಾರಿ ಬೇರೆ. ಕುಡಿಯುವ ನೀರಿನ ಲೆಕ್ಕವೇ ಬೇರೆ. ಅದರಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು ಎನ್ನುತ್ತದೆ ಭಾರತೀಯ ಮಾನಕ. ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ ಸಹಿಸಬಹುದು. ಹಾಗಾಗಿ ಕಾಗದದ ಮೇಲೆ ಉಪ್ಪಿನ ಗಡಿ ಮುಗಿದ ಮೇಲೂ ಬಾಯಿಗೆ ಉಪ್ಪಾಗುವ ನೀರು ಇನ್ನೂ ಎಷ್ಟೋ ದೂರ ಇರುತ್ತದೆ. ಅನುಮತಿ ಕೊಡುವವರು ನೋಡುವುದು ಮೊದಲ ಗೆರೆಯನ್ನು. ಕೊಡಪಾನ ಹಿಡಿದವರಿಗೆ ಬೇಕಾದದ್ದು ಎರಡನೆಯದು. ತಳ ಆಳವಾದಂತೆ ಎರಡೂ ಗೆರೆಗಳು ಮೇಲಕ್ಕೆ ಜರುಗುತ್ತವೆ.

ತುಂಬೆಗೆ ಬಂದಾಗ ಹೊಳೆಯ ಮೇಲೆ ಕಿಂಡಿ ಅಣೆಕಟ್ಟಿನ ಗೋಡೆ ಎದುರಾಗುತ್ತದೆ. ಮಳೆಗಾಲ ಮುಗಿದು ಗೇಟು ಹಾಕಿದ ಮೇಲೆ ಇಲ್ಲಿ ನಿಲ್ಲುವ ನೀರೇ ಮಂಗಳೂರಿನ ಬೇಸಿಗೆಯ ಆಸರೆ. ದಿನಕ್ಕೆ ಸುಮಾರು 16 ಕೋಟಿ ಲೀಟರ್ ಇಲ್ಲಿಂದ ನಗರಕ್ಕೆ ಏರುತ್ತದೆ. 2016ರಲ್ಲೂ 2019ರಲ್ಲೂ ಈ ಕಟ್ಟೆಯ ಮಟ್ಟ ಇಳಿದು ನಗರ ನೀರಿಗೆ ಪರದಾಡಿದ್ದು ಅಲ್ಲಿನವರಿಗೆ ಮರೆತಿಲ್ಲ.

ಕೇಂದ್ರ ಪರಿಸರ ಸಚಿವಾಲಯದ 2016ರ ಮರಳು ಮಾರ್ಗಸೂಚಿಯ ಪ್ರಕಾರ ಪಂಪ್‌ಹೌಸ್, ನೀರೆತ್ತುವ ಜಾಗ, ಸೇತುವೆಗಳಿಂದ 200ರಿಂದ 500 ಮೀಟರ್ ಒಳಗೆ ಮರಳು ತೆಗೆಯಬಾರದು. ಸೇತುವೆಯ ಕಂಬದ ಬುಡ ಸಡಿಲವಾಗದಿರಲು ಈ ಅಳತೆ ಸಾಕಾಗಬಹುದು. ನೀರಿಗೆ ಸಾಲದು. ಮೇಲುಗಡೆ ಯಂತ್ರ ಇಳಿಸಿ ತಳ ಕೆದಕಿದರೆ ಕೆಸರು ಹರಿವಿನೊಂದಿಗೆ ಪಂಪಿನವರೆಗೂ ಬರುತ್ತದೆ. ಕೆಳಗಡೆ ತೋಡಿದ ಗುಂಡಿಯ ಮೂಲಕ ಉಪ್ಪು ಏರುವುದು ಕಿಲೋಮೀಟರುಗಟ್ಟಲೆ. 500 ಮೀಟರ್ ಆಚೆ ನಿಂತು ನಿಯಮ ಪಾಲಿಸಿದೆವು ಎಂದವರ ಮರಳು ಬ್ಲಾಕಿನಿಂದಲೂ ಒಂದು ಊರಿನ ಬಾವಿ ಕೆಡಬಹುದು.

ಮನೆ ಕಟ್ಟುವವರಿಗೆ ಮರಳು ಬೇಕು, ದೋಣಿಯವರಿಗೆ ಕೂಲಿ ಬೇಕು. ಪೂರ್ತಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಘಟ್ಟದಿಂದ ಎಷ್ಟು ಮರಳು ಬಂದು ಕೂತಿತು ಎಂದು ಅಳೆದು, ಅದರೊಳಗೆ ತೆಗೆಯಲಿ. ಈ ಮರುಪೂರಣದ ಅಧ್ಯಯನವಿಲ್ಲದಿದ್ದರೆ, ಮರಳಿನ ಅನುಮತಿಗೆ ಆಧಾರವಾದ ಜಿಲ್ಲಾ ಸಮೀಕ್ಷಾ ವರದಿ ಊರ್ಜಿತವಲ್ಲ ಎಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ವರದಿಯೊಳಗೇ ನೀರಿನ ಲೆಕ್ಕವೂ ಸೇರಬೇಕು. ಹರೇಕಳದಿಂದ ತುಂಬೆಯವರೆಗಿನ ಎರಡೂ ದಡದ ಬಾವಿಗಳ ಪಟ್ಟಿ ಪಂಚಾಯತಿಯಿಂದ ಬರಲಿ. ನೀರಿನ ಮಟ್ಟವನ್ನೂ ಲವಣಾಂಶವನ್ನೂ ಅಳೆಯುವುದು ಹೊಳೆ ತುಂಬಿರುವ ಅಕ್ಟೋಬರಿನಲ್ಲಲ್ಲ, ಏಪ್ರಿಲ್-ಮೇ ತಿಂಗಳಲ್ಲಿ ಆಗಲಿ. ಒಂದು ಬೇಸಿಗೆಯಿಂದ ಇನ್ನೊಂದು ಬೇಸಿಗೆಗೆ ಉಪ್ಪಿನ ಗೆರೆ ಮೇಲೆ ಸರಿದಿದ್ದರೆ ಆ ಭಾಗದ ಬ್ಲಾಕಿಗೆ ಆ ವರ್ಷ ಪರವಾನಗಿ ಕೊಡಬಾರದು.