ಮಗುವಿನ ನಾಲಗೆಯೂ ಇಂಗ್ಲಿಷಿನ ಮೌಖಿಕ ಪರೀಕ್ಷೆಯೂ

ಹಾವೇರಿ ತಾಲ್ಲೂಕಿನ ಗುತ್ತಲದಂಥ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಇಂಗ್ಲಿಷಿನ ಮೌಖಿಕ ಪರೀಕ್ಷೆ ನಡೆಯುತ್ತಿದೆಯೆಂದು ಊಹಿಸಿಕೊಳ್ಳೋಣ. ಎಂಟು ವರ್ಷದ ಹುಡುಗಿಯೊಬ್ಬಳು ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದಾಳೆ. "ವಾಟ್ ಈಸ್ ಯುವರ್ ನೇಮ್?" ಎಂಬ ಪ್ರಶ್ನೆಗೆ ಥಟ್ಟನೆ ಉತ್ತರ ಬರುತ್ತದೆ. "ವಾಟ್ ಈಸ್ ಯುವರ್ ಫಾದರ್ಸ್ ನೇಮ್?" ಎಂದರೆ ಮತ್ತೆ ತನ್ನ ಹೆಸರನ್ನೇ ಹೇಳುತ್ತಾಳೆ. ಮೂರನೆಯ ಪ್ರಶ್ನೆಗೆ ತಲೆ ತಗ್ಗುತ್ತದೆ, ಬಾಯಿ ತೆರೆಯುವುದಿಲ್ಲ. ಹಿಂದಿನ ರಾತ್ರಿ ಇಪ್ಪತ್ತು ಉತ್ತರಗಳನ್ನು ತಪ್ಪಿಲ್ಲದೆ ಒಪ್ಪಿಸಿದ್ದವಳು ಇವಳೇ. ನೋಡಿದವರು, "ಇವಳಿಗೆ ಇಂಗ್ಲಿಷು ಹತ್ತುವುದಿಲ್ಲ" ಎಂದುಬಿಡುತ್ತಾರೆ. ಆ ಮಾತು ಮಗುವಿನ ಕಿವಿಗೂ ಬೀಳುತ್ತದೆ, ಬಹುಕಾಲ ಅಲ್ಲಿಯೇ ಉಳಿಯುತ್ತದೆ.

ಈ ತೀರ್ಮಾನ ಸರಿಯೆ? ಸರಿಯಲ್ಲವೆಂದು ಭಾಷಾವಿಜ್ಞಾನವೂ ಮನಶ್ಶಾಸ್ತ್ರವೂ ಹೇಳುತ್ತವೆ. ೨೦೦೭ರಲ್ಲಿ ಕರ್ನಾಟಕ ಸರ್ಕಾರವು ಕನ್ನಡ ಮಾಧ್ಯಮದ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಿತು. ಆದರೆ ಅನೇಕ ಮನೆಗಳಲ್ಲಿ ಆ ಭಾಷೆಯನ್ನು ಆಡುವವರಿಲ್ಲ. ಅಂಥ ಮನೆಯಲ್ಲಿ ಮಗುವಿಗೆ ನೆರವಾಗಬಲ್ಲವರು ಯಾರು? ಹೈಸ್ಕೂಲಿಗೋ ಕಾಲೇಜಿಗೋ ಹೋಗುವ ಅಣ್ಣ ಅಥವಾ ಅಕ್ಕ. ಆದಕಾರಣ ಈ ವಿಷಯವನ್ನು ನಮ್ಮ ತರುಣ ಓದುಗರ ಮುಂದೆ ಇಡುತ್ತಿದ್ದೇವೆ.

ಊರ ಹೆಸರೇ ಹೇಳುವ ಪಾಠ

ಗುತ್ತಲವು ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಗುತ್ತರೆಂಬ ಮಾಂಡಲಿಕರ ರಾಜಧಾನಿಯಾಗಿತ್ತು. ಅವರು ತಮ್ಮನ್ನು ಗುಪ್ತವಂಶದವರೆಂದು ಹೇಳಿಕೊಳ್ಳುತ್ತಿದ್ದರು. ಊರಿನ ಅಂದಿನ ಹೆಸರು ಗುತ್ತವೊಳಲ್, ಎಂದರೆ ಗುತ್ತರ ಪಟ್ಟಣ. ಇಲ್ಲಿ ಒಂದು ಸ್ವಾರಸ್ಯವಿದೆ. ಸಂಸ್ಕೃತದ 'ಗುಪ್ತ' ಶಬ್ದವು ಜನರ ಬಾಯಲ್ಲಿ 'ಗುತ್ತ'ವಾಯಿತು. 'ಗುತ್ತವೊಳಲ್' ಸವೆದು 'ಗುತ್ತಲ'ವಾಯಿತು. ಕೊನೆಯ ವ್ಯಂಜನಕ್ಕೆ ಒಂದು ಸ್ವರವೂ ಬಂದು ಸೇರಿತು. ಹಳಗನ್ನಡದ ಪಾಲ್ ಇಂದು ಹಾಲು. ಕಣ್ ಇಂದು ಕಣ್ಣು. ಮಾತನ್ನು ಸ್ವರದಲ್ಲಿ ಮುಗಿಸುವುದು ಇಂದಿನ ಕನ್ನಡದ ಅಭ್ಯಾಸ.

ಮಗು 'ಬಸ್' ಎನ್ನುವಲ್ಲಿ 'ಬಸ್ಸು' ಎನ್ನುವುದೂ, 'ಬುಕ್' ಎನ್ನುವಲ್ಲಿ 'ಬುಕ್ಕು' ಎನ್ನುವುದೂ ಇದೇ ಅಭ್ಯಾಸದಿಂದ. ಮಾತಿನ ಮೊದಲಿನ 'ಎ'ಕಾರಕ್ಕೆ 'ಯ'ಕಾರದ ಸೋಂಕು ತಗಲಿ 'ಎಗ್' ಎಂಬುದು 'ಯೆಗ್' ಆಗುವುದೂ ಹಾಗೆಯೇ. ಇದು ಮಂದಬುದ್ಧಿಯ ಗುರುತಲ್ಲ. ತಾಯ್ನುಡಿಯನ್ನು ಮಗು ಚೆನ್ನಾಗಿ ಕಲಿತಿದೆ ಎಂಬುದರ ಗುರುತು.

ಕಿವಿಯ ಕಥೆ

ನಾಲಗೆಗಿಂತ ಮೊದಲು ಕಿವಿ ಪಳಗುತ್ತದೆ. ೧೯೮೪ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ 'ಟ' ಮತ್ತು 'ತ' ಧ್ವನಿಗಳನ್ನು ಕೇಳಿಸಿದಾಗ ಆರರಿಂದ ಎಂಟು ತಿಂಗಳ ಕೂಸುಗಳು ಅವುಗಳ ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ತನ್ನ ಭಾಷೆಗೆ ಬೇಡವಾದ ಭೇದಗಳನ್ನು ಕಿವಿ ಬದಿಗಿಡುತ್ತದೆ. ನಮಗೆ ನೀರಿನಷ್ಟು ಸುಲಭವಾದ 'ಟ–ತ' ಭೇದವು ಇಂಗ್ಲಿಷರಿಗೆ ಕಷ್ಟ. ಅವರಿಗೆ ಸುಲಭವಾದ ಕೆಲವು ಭೇದಗಳು ನಮಗೆ ಕಷ್ಟ. ಆದರೆ ಹೀಗೆ ಬದಿಗಿಟ್ಟದ್ದನ್ನು ಅಭ್ಯಾಸದಿಂದ ಮರಳಿ ಪಡೆಯಬಹುದು.

ಮನೆಯೇ ಪ್ರಯೋಗಶಾಲೆ

ಇದಕ್ಕೆ ಬೇಕಾದ ಉಪಕರಣಗಳು ಒಂದು ಕನ್ನಡಿ ಮತ್ತು ಎರಡು ಕೈಗಳು.

ಮೊದಲನೆಯದು ಕನ್ನಡಿಯ ಪ್ರಯೋಗ. ಬಾಣಲೆಯನ್ನು ಸೂಚಿಸುವ 'ಪ್ಯಾನ್', ಗಾಳಿ ಬೀಸುವ 'ಫ್ಯಾನ್' ಎರಡನ್ನೂ ಮಗು ಕನ್ನಡಿಯ ಮುಂದೆ ಹೇಳಲಿ. ಮೊದಲನೆಯದರಲ್ಲಿ ತುಟಿಗಳೆರಡೂ ಕೂಡಬೇಕು. ಎರಡನೆಯದರಲ್ಲಿ ತುಟಿಗಳು ಕೂಡಬಾರದು. ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟಿ, ನಡುವಿನ ಸಂದಿಯಿಂದ ಉಸಿರು ಹರಿಯಬೇಕು. ನಮ್ಮ 'ಫಲ' ಶಬ್ದದ ಮಹಾಪ್ರಾಣಕ್ಕೂ ಈ ಧ್ವನಿಗೂ ಬರೆಯುವ ಅಕ್ಷರ ಒಂದೇ ಆದರೂ ಹುಟ್ಟುವ ಬಗೆ ಬೇರೆ.

ಎರಡನೆಯದು ಗಂಟಲಿನ ಪ್ರಯೋಗ. ಎರಡು ಬೆರಳುಗಳನ್ನು ಗಂಟಲಿನ ಮೇಲಿಟ್ಟು 'ಸ್‌ಸ್‌ಸ್' ಎಂದು ಉಸಿರು ಬಿಟ್ಟರೆ ಬೆರಳಿಗೆ ಏನೂ ತಿಳಿಯದು. ನಾಲಗೆಯನ್ನು ಕದಲಿಸದೆ ದುಂಬಿಯಂತೆ ದನಿ ಕೂಡಿಸಿದರೆ ಬೆರಳು ಗುಂಯ್‌ಗುಡುತ್ತದೆ. ಧ್ವನಿತಂತುಗಳು ಸೆಕೆಂಡಿಗೆ ನೂರಾರು ಸಲ ಕಂಪಿಸುತ್ತಿರುವುದೇ ಇದಕ್ಕೆ ಕಾರಣ. 'ಝೂ' ಶಬ್ದದ ಮೊದಲ ಧ್ವನಿ ಇದೇ.

ಮೂರನೆಯದು ಚಪ್ಪಾಳೆಯ ಪ್ರಯೋಗ. 'ಬಸ್ಸು' ಎಂಬುದಕ್ಕೆ ಎರಡು ಚಪ್ಪಾಳೆ. 'ಬಸ್' ಎಂಬುದಕ್ಕೆ ಒಂದೇ. ಕೈ ನಿಂತಲ್ಲಿ ಮಾತೂ ನಿಲ್ಲಬೇಕೆಂಬ ಆಟವನ್ನು ಮಕ್ಕಳು ಬೇಗ ಹಿಡಿಯುತ್ತಾರೆ.

ಆದರೆ ಎಲ್ಲ ಭೇದಗಳನ್ನೂ ತಿದ್ದಲು ಹೊರಡಬೇಕಾಗಿಲ್ಲ. ಲಂಡನ್ನಿನವರಂತೆ ಆಡುವುದು ನಮ್ಮ ಗುರಿಯಲ್ಲ. ಕೇಳುವವರಿಗೆ ಅರ್ಥವಾಗುವಂತೆ ಆಡುವುದು ಗುರಿ. ಕಿವಿಯೆಂಬ ಅರ್ಥದ 'ಇಯರ್' ವರ್ಷವೆಂಬ ಅರ್ಥದ 'ಯಿಯರ್' ಆದರೆ ಅರ್ಥ ಕೆಡುತ್ತದೆ. ಅಂಥದನ್ನು ಮೊದಲು ತಿದ್ದೋಣ.

ಕಂಠಪಾಠವೂ ಉತ್ತರವೂ

ನಮ್ಮ ಹುಡುಗಿ ಎರಡನೆಯ ಪ್ರಶ್ನೆಗೂ ತನ್ನ ಹೆಸರನ್ನೇ ಹೇಳಿದ್ದೇಕೆ? ಅವಳು ಕಲಿತದ್ದು ಉತ್ತರಗಳ ಸಾಲನ್ನು, ಪ್ರಶ್ನೆಯನ್ನಲ್ಲ. 'ನೇಮ್' ಎಂಬ ಧ್ವನಿ ಕೇಳಿದೊಡನೆ ಸಾಲಿನ ಮೊದಲ ಉತ್ತರ ಹೊರಬಿತ್ತು. ಆದ್ದರಿಂದ 'ವಾಟ್', 'ಹೂ', 'ವೇರ್', 'ವೆನ್', 'ಹೌ ಮೆನಿ' ಎಂಬ ಪ್ರಶ್ನಪದಗಳನ್ನು ಮೊದಲು ಬಿಡಿಯಾಗಿ ಪರಿಚಯಿಸಬೇಕು. ಬ್ಯಾಡಗಿ ಮೆಣಸಿನಕಾಯಿಗಳನ್ನು ಮೊರದಲ್ಲಿಟ್ಟು, ಇದೇನು, ಇದರ ಬಣ್ಣವೇನು, ಎಷ್ಟಿವೆ, ಎಲ್ಲಿವೆ ಎಂದು ಇಂಗ್ಲಿಷಿನಲ್ಲಿ ಕ್ರಮ ತಪ್ಪಿಸಿ ಕೇಳಬೇಕು. ವಸ್ತು ಒಂದೇ ಇದ್ದು ಪ್ರಶ್ನೆ ಬದಲಾದಾಗ ಮಗು ಪ್ರಶ್ನೆಗೆ ಕಿವಿಗೊಡಲೇಬೇಕಾಗುತ್ತದೆ. ವಾಕ್ಯದ ಕ್ರಮವನ್ನೂ ಹೀಗೆಯೇ ರೂಢಿಸಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ. 'ಐ ಸ್ಕೂಲ್ ಗೋ' ಎಂದ ಮಗು ಕನ್ನಡದ ಕ್ರಮವನ್ನು ಪಾಲಿಸಿದೆ, ಅಷ್ಟೆ. ಗದರಿಸದೆ, "ಓ, ಯು ಗೋ ಟು ಸ್ಕೂಲ್!" ಎಂದು ಸರಿಯಾದ ರೂಪವನ್ನು ಮರುನುಡಿದರೆ ಸಾಕು.

ಪುಸ್ತಕ ಮುಚ್ಚಿ ಕೇಳುವುದಕ್ಕೂ ವಿಜ್ಞಾನದ ಸಮರ್ಥನೆಯಿದೆ. ೨೦೦೬ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಐದು ನಿಮಿಷಗಳ ಬಳಿಕ ನೋಡಿದಾಗ ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ, ಓದಿದ್ದನ್ನು ನೆನಪಿನಿಂದ ಹೊರತೆಗೆದು ಅಭ್ಯಾಸ ಮಾಡಿದವರು ಮುಂದಾದರು. ಪರೀಕ್ಷೆಯ ಹಿಂದಿನ ರಾತ್ರಿಯ ಎರಡು ಗಂಟೆಗಿಂತ ದಿನಕ್ಕೆ ಹತ್ತು ನಿಮಿಷದ ಪ್ರಶ್ನೋತ್ತರ ಮೇಲು.

ಉಳಿದದ್ದು ಭಯ. ಭಯಗೊಂಡ ಮನಸ್ಸು ತನ್ನ ಭಯವನ್ನೇ ನೆನೆಯುತ್ತ, ಉತ್ತರವನ್ನು ಹುಡುಕಲು ಬೇಕಾದ ಗಮನವನ್ನು ಅದಕ್ಕೇ ವ್ಯಯಿಸುತ್ತದೆ. ಮನೆಯಲ್ಲಿ ಒಮ್ಮೆ ಎದುರು ನಿಲ್ಲಿಸಿ, ನೆರೆಮನೆಯ ಅಕ್ಕನಿಂದಲೂ ಪ್ರಶ್ನೆ ಕೇಳಿಸಿದರೆ ಹೊಸ ಮುಖದ ಅಂಜಿಕೆ ಕಡಿಮೆಯಾಗುತ್ತದೆ. "ಪ್ಲೀಸ್ ಸೇ ಇಟ್ ಅಗೇನ್" ಎಂಬ ಒಂದು ವಾಕ್ಯವನ್ನೂ ಕಲಿಸಿಡಬೇಕು. ಪ್ರಶ್ನೆ ತಿಳಿಯದಾಗ ಮೌನವೊಂದೇ ದಾರಿಯಲ್ಲವೆಂದು ಮಗುವಿಗೆ ಗೊತ್ತಿರಬೇಕು.

ಇದೆಲ್ಲವನ್ನೂ ಮೊಬೈಲಿನ ಪಾಠಗಳಿಗೆ ಒಪ್ಪಿಸಬಹುದಲ್ಲವೆ ಎಂದು ಓದುಗರು ಕೇಳಬಹುದು. ೨೦೦೩ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಹನ್ನೆರಡು ಸಲ ಚೀನೀ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತು ಆಡಿಸಿದವರಿಂದ ಕೂಸುಗಳು ಆ ಧ್ವನಿಗಳ ಭೇದವನ್ನು ಕಲಿತವು; ಅದೇ ಮಾತನ್ನು ಪರದೆಯ ಮೇಲೆ ತೋರಿಸಿದಾಗ ಕಲಿಯಲಿಲ್ಲ. ಶಾಲೆಯ ಮಕ್ಕಳು ಕೂಸುಗಳಲ್ಲ, ನಿಜ. ಆದರೂ ಉತ್ತರಕ್ಕಾಗಿ ಕಾದು, ಕೇಳಿ ನಗುವ ಮುಖಕ್ಕೆ ಸಮನಾದ ಯಂತ್ರವಿಲ್ಲ.

ಇಂದಿನ ಹಾವೇರಿ ಜಿಲ್ಲೆಗೇ ಸೇರಿದ ಸವಣೂರಿನಲ್ಲಿ ೧೯೦೯ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಮುಂದೆ ಆಕ್ಸ್‌ಫರ್ಡಿನಲ್ಲಿ ಓದಿ, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ಕನ್ನಡದ ಹಿರಿಯ ಕವಿಯಾಗಿಯೂ ಉಳಿದರು. ಕನ್ನಡದ ನಾಲಗೆ ಇಂಗ್ಲಿಷಿಗೆ ಅಡ್ಡಿಯಲ್ಲ. ಇಂದು ಸಂಜೆ ತಂಗಿಯನ್ನೋ ತಮ್ಮನನ್ನೋ ಕನ್ನಡಿಯ ಮುಂದೆ ಕೂರಿಸಿಕೊಳ್ಳಿ. ಹತ್ತು ನಿಮಿಷ ಸಾಕು.