ಪ್ರೋಟೀನುಗಳ ಒಳಕುಣಿತಕ್ಕೆ ಗಣಕದ ಲೆಕ್ಕ

ಬೆಂಗಳೂರು: ಸ್ನಾಯುಗಳಲ್ಲಿ ಆಮ್ಲಜನಕವನ್ನು ಕೂಡಿಡುವ ಪ್ರೋಟೀನ್ ಮಯೋಗ್ಲೋಬಿನ್. ಬ್ರಿಟನ್ನಿನ ಜಾನ್ ಕೆಂಡ್ರ್ಯೂ 1950ರ ದಶಕದ ಕೊನೆಯಲ್ಲಿ ಕ್ಷ-ಕಿರಣಗಳ ನೆರವಿನಿಂದ ಇದರ ರಚನೆಯನ್ನು ಬಿಡಿಸಿದಾಗ ಒಗಟೊಂದು ಎದುರಾಯಿತು. ಆಮ್ಲಜನಕ ಬಂದು ಕೂರಬೇಕಾದ ಕಬ್ಬಿಣದ ಪರಮಾಣು ಒಳಗೆ ಹುದುಗಿದೆ. ಅಲ್ಲಿಗೆ ತೆರೆದ ದಾರಿಯೇ ಇಲ್ಲ. ಹಾಗಿದ್ದೂ ಆಮ್ಲಜನಕ ಹೋಗಿಬರುತ್ತದೆ. ಏಕೆಂದರೆ ಪ್ರೋಟೀನ್ ನಿಶ್ಚಲವಲ್ಲ. ಅದು ಸದಾ ಅಲುಗುತ್ತದೆ, ಆ ಅಲುಗಾಟದಲ್ಲಿ ಕ್ಷಣಮಾತ್ರ ಬಾಗಿಲು ತೆರೆಯುತ್ತದೆ.

<b>ಲೆಕ್ಕ ಹೇಗೆ?</b>

ಪ್ರತಿ ಪರಮಾಣುವಿನ ಈ ಓಟವನ್ನು ನೇರವಾಗಿ ಕಣ್ಣಿಟ್ಟು ನೋಡುವುದು ಕಷ್ಟ. ಆದ್ದರಿಂದ ವಿಜ್ಞಾನಿಗಳು ಗಣಕದ ಮೊರೆ ಹೋಗುತ್ತಾರೆ. ಪರಮಾಣುಗಳನ್ನು ಗುಂಡುಗಳೆಂದೂ ಅವುಗಳ ಬಂಧಗಳನ್ನು ಸ್ಪ್ರಿಂಗುಗಳೆಂದೂ ಭಾವಿಸಿ, ಪರಸ್ಪರ ಸೆಳೆತ ಮತ್ತು ತಳ್ಳಾಟವನ್ನು ಲೆಕ್ಕ ಹಾಕಿ, ನ್ಯೂಟನ್ನನ ನಿಯಮದಂತೆ ಮುಂದಿನ ಸ್ಥಾನವನ್ನು ಕಂಡುಕೊಳ್ಳಲಾಗುತ್ತದೆ. ಒಂದು ಹೆಜ್ಜೆಯ ಅವಧಿ ಒಂದೆರಡು ಫೆಮ್ಟೊಸೆಕೆಂಡ್. ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲನ್ನು ಮತ್ತೆ ಹತ್ತು ಲಕ್ಷ ಚೂರು ಮಾಡಿದರೆ ಸಿಗುವ ಒಂದೆರಡು ಚೂರು.

ಮಾರ್ಟಿನ್ ಕಾರ್‌ಪ್ಲಸ್ ತಂಡ 1977ರಲ್ಲಿ 58 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನಿನ ಚಲನೆಯನ್ನು ಮೊದಲ ಬಾರಿಗೆ ಲೆಕ್ಕ ಹಾಕಿತು. ಸಿಕ್ಕಿದ್ದು ಹತ್ತು ಪಿಕೊಸೆಕೆಂಡಿಗೂ ಕಡಿಮೆ ಅವಧಿಯ ಚಿತ್ರಣ. ಇದೇ ಪ್ರೋಟೀನಿನ ಒಂದು ಮಿಲಿಸೆಕೆಂಡಿನ ಚಲನೆಯನ್ನು 2010ರಲ್ಲಿ ಅಮೆರಿಕದ 'ಆ್ಯಂಟನ್' ಯಂತ್ರ ತೋರಿಸಿತು. ಕಾರ್‌ಪ್ಲಸ್ 2013ರಲ್ಲಿ ನೊಬೆಲ್ ಹಂಚಿಕೊಂಡರು.

<b>ಬೆಂಗಳೂರಿನ ನಂಟು</b>

ಪ್ರೋಟೀನಿನ ಸರಪಳಿ ಎತ್ತ ತಿರುಗಬಹುದು, ಎತ್ತ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಢಿಕ್ಕಿಯಾಗುತ್ತವೆ ಎಂಬುದನ್ನು 1963ರಲ್ಲೇ ನಕ್ಷೆಯಾಗಿ ಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಆಗ ಮದರಾಸಿನಲ್ಲಿದ್ದ ರಾಮಚಂದ್ರನ್, ಮುಂದೆ ತಾವು ಕಲಿತ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದರು. ಪ್ರೋಟೀನಿನ ರಚನೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಜಗತ್ತು ಇಂದಿಗೂ ಆ ನಕ್ಷೆಯನ್ನು ಬಳಸುತ್ತದೆ. ಇದೇ ಸಂಸ್ಥೆಯಲ್ಲಿ 2022ರಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ' ಸೂಪರ್ ಕಂಪ್ಯೂಟರ್ ಸ್ಥಾಪನೆಯಾಯಿತು.

<b>ಔಷಧಕ್ಕೇನು ಲಾಭ?</b>

ಔಷಧದ ಅಣು ಬೀಗಕ್ಕೆ ಕೀಲಿಯಂತೆ ಪ್ರೋಟೀನಿನಲ್ಲಿ ಕೂರಬೇಕು. ಆದರೆ ಈ ಬೀಗ ಅಲುಗುತ್ತಿರುತ್ತದೆ. ಎಚ್‌ಐವಿಯ ಇಂಟಿಗ್ರೇಸ್ ಪ್ರೋಟೀನಿನಲ್ಲಿ, ಸ್ಫಟಿಕದ ಚಿತ್ರದಲ್ಲಿ ಕಾಣದ ಕಂದಕವೊಂದು 2004ರಲ್ಲಿ ಗಣಕದ ಲೆಕ್ಕದಿಂದ ಬೆಳಕಿಗೆ ಬಂತು. 2024ರ ನೊಬೆಲ್ ತಂದುಕೊಟ್ಟ 'ಆಲ್ಫಾಫೋಲ್ಡ್' ಪ್ರೋಟೀನಿನ ಆಕಾರವನ್ನು ಊಹಿಸಬಲ್ಲದು. ಚಲನೆಯ ಕತೆಯನ್ನು ಪೂರ್ತಿಯಾಗಿ ಹೇಳಲಾರದು. ಗಣಕದ ಲೆಕ್ಕವೂ ಅಂದಾಜುಗಳ ಮೇಲೆಯೇ ನಿಂತಿದೆ. ಹಾಗಾಗಿ ಅದು ತೋರಿದ ಬಾಗಿಲು ನಿಜವೇ ಎಂಬ ಕೊನೆಯ ತೀರ್ಪು ಪ್ರಯೋಗಶಾಲೆಯದೇ.